ನೆಲದಡಿಯಲ್ಲಿ ಅಜ್ಜಿಯ ಕಾಲದ ರೈಲು

ಈಗ ನಮ್ಮ ಸಣ್ಣ ಊರುಗಳಲ್ಲೂ ಬೀದಿಗೊಂದು ಮನೆಯಿಂದಾದರೂ ಮಗಳೋ ಮಗನೋ ಅಮೆರಿಕ ಸೇರಿರುತ್ತಾರೆ. ಬಾಣಂತನಕ್ಕೆಂದೋ, ಮೊಮ್ಮಗುವಿನ ನಾಮಕರಣಕ್ಕೆಂದೋ ಅಮ್ಮಂದಿರು ಚಟ್ನಿಪುಡಿ, ಸಾರಿನಪುಡಿ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಹೋದದ್ದು ಡಿಸೆಂಬರಿನಲ್ಲಾದರೆ ಮುಗಿಯಿತು! ಹೊರಗೆ ಕೊರೆಯುವ ಚಳಿ, ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಮಾತಿಗೂ ಜನವಿಲ್ಲ. "ಕಿಟಕಿ ಹತ್ರ ಕೂತು ಕೂತು ಸಾಕಾಗಿಹೋಯ್ತು ಕಣೇ" ಎಂದು ಹೋಗಿಬಂದವರು ಹೇಳುವುದನ್ನು ನೀವೂ ಕೇಳಿರುತ್ತೀರಿ.

ಅಂಥ ದಿನಗಳಲ್ಲೇ ನ್ಯೂಯಾರ್ಕ್ ನಗರದ ನೆಲದ ಕೆಳಗೆ ಒಂದು ಸೊಗಸಾದ ಸಂಭ್ರಮ ನಡೆಯುತ್ತದೆ. 1930ರ ದಶಕದಲ್ಲಿ ಕಟ್ಟಿದ ರೈಲು ಬೋಗಿಗಳನ್ನು ತೊಳೆದು, ಒರೆಸಿ, ಎಣ್ಣೆ ಹಾಕಿ, ಕ್ರಿಸ್‌ಮಸ್ ಹಬ್ಬದ ತಿಂಗಳ ವಾರದ ಕೊನೆಯ ದಿನಗಳಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಅದೂ ಮಾಮೂಲಿ ಹಳಿಗಳ ಮೇಲೆ, ಮಾಮೂಲಿ ರೈಲುಗಳ ನಡುವೆಯೇ. ಇದಕ್ಕೆ ಬೇರೆ ಟಿಕೇಟಿಲ್ಲ, ಮುಂಗಡ ಕಾಯ್ದಿರಿಸುವ ತಾಪತ್ರಯವೂ ಇಲ್ಲ. ದಿನನಿತ್ಯದ ರೈಲಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಟ್ಟು ಹತ್ತಿ ಕೂತರಾಯಿತು.

ಈ ಸಲ ನಿಮ್ಮನ್ನು ಆ ರೈಲಿಗೆ ಹತ್ತಿಸುತ್ತೇನೆ, ಬನ್ನಿ. ಅಮೆರಿಕಕ್ಕೆ ಹೋಗುವ ಯೋಗ ಇಲ್ಲದವರೂ ಬನ್ನಿ. ಹಳೆಯ ವಸ್ತುಗಳನ್ನು ಇಟ್ಟುಕೊಳ್ಳುವುದು ಹೇಗೆ ಎನ್ನುವ ಚಿಂತೆ ನಮ್ಮೆಲ್ಲರ ಮನೆಯ ಅಟ್ಟದಲ್ಲೂ ಇದ್ದೇ ಇದೆಯಲ್ಲ!

ಸಬ್‌ವೇ ಅಂದರೆ ಯಾವುದು?

ನಮ್ಮಲ್ಲಿ ಸಬ್‌ವೇ ಎಂದರೆ ರಸ್ತೆ ದಾಟಲು ನೆಲದಡಿ ಮಾಡಿರುವ ಕಾಲುದಾರಿ. ನ್ಯೂಯಾರ್ಕಿನವರಿಗೆ ಸಬ್‌ವೇ ಎಂದರೆ ರೈಲೇ. ನಗರದ ಹೊಟ್ಟೆಯೊಳಗೆ ಸುರಂಗ ಕೊರೆದು, ಅದರಲ್ಲಿ ವಿದ್ಯುತ್ ರೈಲು ಓಡಿಸುವ ಏರ್ಪಾಡು. ಕೆಲವು ಕಡೆ ಅದು ನೆಲದಿಂದ ಮೇಲೆದ್ದು ಕಂಬಗಳ ಮೇಲೂ ಓಡುತ್ತದೆ. 1904ರ ಅಕ್ಟೋಬರ್ 27ರಂದು ಮೊದಲ ದಾರಿ ತೆರೆಯಿತು. ಇಂದು ಅದಕ್ಕೆ 472 ಸ್ಟೇಷನ್ನುಗಳಿವೆ. ಹಗಲು ರಾತ್ರಿ, ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ.

ಶುರುವಿನಲ್ಲಿ ಈ ರೈಲುಗಳನ್ನು ನಡೆಸುತ್ತಿದ್ದದ್ದು ಖಾಸಗಿ ಕಂಪನಿಗಳು. ಆಮೇಲೆ ನಗರಸಭೆಯೇ ತನ್ನ ಸ್ವಂತ ದಾರಿಯೊಂದನ್ನು ಕಟ್ಟಿಸಿ, 1932ರ ಸೆಪ್ಟೆಂಬರ್ 10ರಂದು ತೆರೆಯಿತು. ಆಗ ಅಮೆರಿಕದಲ್ಲಿ ಭಾರಿ ಆರ್ಥಿಕ ಮುಗ್ಗಟ್ಟು. ಕೆಲಸ ಕಳೆದುಕೊಂಡವರು ಲಕ್ಷಗಟ್ಟಲೆ. ಅಂಥ ಹೊತ್ತಿನಲ್ಲಿ ಹೊಸ ದಾರಿಗೆಂದು ಹೊಸ ಬೋಗಿಗಳು ಬಂದವು. 1930ರಿಂದ 1940ರವರೆಗೆ ಒಂದೇ ಅಚ್ಚಿನಲ್ಲಿ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1,703 ಬೋಗಿಗಳನ್ನು ಮಾಡಿಸಿದರು. ಗುತ್ತಿಗೆಯ ಸಂಖ್ಯೆಯಂತೆ ಆರ್-1ರಿಂದ ಆರ್-9ರವರೆಗೆ ಅವಕ್ಕೆ ಹೆಸರು. ನಾವು ಹತ್ತಲಿರುವುದು ಈ ಕುಲದ ಬೋಗಿಗಳನ್ನೇ.

ಬೆತ್ತದ ಸೀಟು, ತಿರುಗುವ ಫ್ಯಾನು

ನೀವು ಮೆಟ್ಟಿಲಿಳಿದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ತೊಳೆದಿಟ್ಟ ಸ್ಟೀಲು ಪಾತ್ರೆಯ ಹಾಗೆ ಥಳಥಳಿಸುವ ಈಗಿನ ರೈಲುಗಳು ಒಂದಾದ ಮೇಲೊಂದು ಬಂದು ಹೋಗುತ್ತಿವೆ. ಅಷ್ಟರಲ್ಲಿ ಸುರಂಗದ ಕತ್ತಲೆಯಿಂದ ಮಂಕು ಹಳದಿ ದೀಪ ಹೊತ್ತು ಒಂದು ಕಡುಹಸಿರು ರೈಲು ಮೆಲ್ಲಗೆ ಬರುತ್ತದೆ. ಮೈತುಂಬ ದಪ್ಪ ತಲೆಯ ಮೊಳೆಗಳು. ನಮ್ಮ ಹಳೆಯ ತೊಟ್ಟಿಮನೆಯ ಹೆಬ್ಬಾಗಿಲಿಗೆ ಹೊಡೆದಿರುತ್ತಾರಲ್ಲ, ಆ ಥರ. ಕಿಟಕಿಯ ಗಾಜನ್ನು ಕೈಯಿಂದಲೇ ಕೆಳಗಿಳಿಸಬಹುದು.

ಒಳಗೆ ಕಾಲಿಟ್ಟೊಡನೆ ಮೊದಲು ಕಣ್ಣಿಗೆ ಬೀಳುವುದು ಬೆತ್ತ! ಹೌದು, ಸೀಟುಗಳಿಗೆಲ್ಲ ಹೆಣೆದ ಬೆತ್ತದ ಹೊದಿಕೆ. ಮಲೆನಾಡಿನ ಜಗಲಿಯಲ್ಲಿ ಬೆತ್ತದ ಕುರ್ಚಿ ಕಂಡು ಬೆಳೆದವರಿಗೆ ಅಮೆರಿಕದ ಸುರಂಗದಲ್ಲಿ ತವರಿನ ನೆಂಟರು ಸಿಕ್ಕಿದಂತಾಗುತ್ತದೆ. ಮೇಲೆ ನೋಡಿದರೆ ಚಾವಣಿಯಲ್ಲಿ ತಿರುಗುವ ಫ್ಯಾನುಗಳು, ಟ್ಯೂಬ್‌ಲೈಟಿನ ಬದಲು ದುಂಡನೆಯ ಬಲ್ಬುಗಳು. ಕಿಟಕಿಗಳ ಮೇಲೆ ಉದ್ದಕ್ಕೂ ಆ ಕಾಲದ ಜಾಹೀರಾತುಗಳನ್ನು ಸಾಲಾಗಿ ಅಂಟಿಸಿದ್ದಾರೆ. ರೈಲು ಕೊನೆಗೆ ಹೋಗಿ ಸೇರುವ ಜಾಗದ ಹೆಸರು ತೋರಿಸಲು ಬಟ್ಟೆಯ ಸುರುಳಿ. ಹಿಡಿ ತಿರುಗಿಸಿದರೆ ಹೆಸರು ಬದಲಾಗುತ್ತದೆ.

ರೈಲು ಹೊರಟಾಗ ಕಿವಿ ಕೊಟ್ಟು ಕೇಳಿ. ಗುಂಯ್ ಎಂದು ತಗ್ಗಿನ ಸ್ವರದಲ್ಲಿ ಶುರುವಾಗಿ, ವೇಗ ಏರಿದಂತೆ ಸ್ವರವೂ ಏರುತ್ತದೆ. ಹಾರ್ಮೋನಿಯಂ ನುಡಿಸುವವರು ಒಂದೊಂದೇ ಮನೆ ಮೇಲೇರಿದ ಹಾಗೆ. ಇದು ಮೋಟಾರಿನ ಹಲ್ಲುಚಕ್ರಗಳ ಹಾಡು. ಈಗಿನ ರೈಲುಗಳಲ್ಲಿ ಈ ದನಿ ಇಲ್ಲ. ಹಳೆಯ ನ್ಯೂಯಾರ್ಕಿನವರು ಕಣ್ಣು ಮುಚ್ಚಿಕೊಂಡೇ ಈ ರೈಲನ್ನು ಗುರುತಿಸುತ್ತಾರೆ.

ಹೋಗುತ್ತ ಹೋಗುತ್ತ ಫಕ್ಕನೆ ದೀಪ ಆರಿ ಮತ್ತೆ ಹತ್ತಿಕೊಂಡರೆ ಗಾಬರಿಯಾಗಬೇಡಿ. ರೈಲಿಗೆ ಕರೆಂಟು ಬರುವುದು ಹಳಿಯ ಪಕ್ಕದಲ್ಲಿ ಹಾಕಿರುವ ಮೂರನೆಯ ಹಳಿಯಿಂದ. ಅದರಲ್ಲಿ ಸುಮಾರು 600 ವೋಲ್ಟ್ ಹರಿಯುತ್ತಿರುತ್ತದೆ. ಹಳಿಗಳು ಒಂದನ್ನೊಂದು ದಾಟುವ ಕಡೆ ಆ ಮೂರನೆಯ ಹಳಿಗೆ ತೆರಪು ಬಿಟ್ಟಿರುತ್ತಾರೆ. ಅಲ್ಲಿ ಹಳೆಯ ಬೋಗಿಯ ದೀಪ ಕಣ್ಣು ಮಿಟುಕಿಸುತ್ತದೆ, ಅಷ್ಟೇ.

ಇನ್ನೊಂದು ಸೋಜಿಗ. ಈ ಬೋಗಿಗಳ ಬಾಗಿಲು ತೆಗೆಯುವ, ಹಾಕುವ ಗುಂಡಿಗಳು ಬೋಗಿಯ ಹೊರಗಿದ್ದವು. ಕಂಡಕ್ಟರು ಎರಡು ಬೋಗಿಗಳ ನಡುವೆ, ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತು, ತಲೆ ಎತ್ತಿ ಜನ ಹತ್ತಿದರೋ ಇಲ್ಲವೋ ನೋಡಿ ಬಾಗಿಲು ಹಾಕಬೇಕಿತ್ತು. ಕೊರೆಯುವ ಚಳಿಯಲ್ಲೂ ಅದೇ ಕೆಲಸ. ಅವರ ಮನೆಯಲ್ಲಿ ಕಾದು ಕೂತ ಹೆಂಡತಿಯ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೋ!

ಟ್ರಂಕಿನಿಂದ ಹೊರಬಂದ ಟೋಪಿಗಳು

ರಜೆಯ ರೈಲಿನ ನಿಜವಾದ ಅಲಂಕಾರ ಅದರೊಳಗಿನ ಜನ. 1930-40ರ ದಶಕಗಳ ಉಡುಪು ತೊಟ್ಟು ಬರುವವರೇ ಬಹಳ. ಹೆಂಗಸರ ತಲೆಯ ಮೇಲೆ ಒಂದು ಕಡೆಗೆ ವಾಲಿದ ಪುಟ್ಟ ಟೋಪಿ, ಕೈಗೆ ಗವಸು, ಗುಂಗುರು ಮಾಡಿದ ಕೂದಲು, ತುಟಿಗೆ ಕೆಂಪು ಬಣ್ಣ. ಗಂಡಸರಿಗೆ ಅಗಲ ಅಂಚಿನ ಹ್ಯಾಟು, ಉದ್ದ ಕೋಟು. ಕೆಲವರು ಹಳೆ ಬಟ್ಟೆ ಅಂಗಡಿಯಲ್ಲಿ ಹುಡುಕಿ ಕೊಂಡದ್ದು. ಕೆಲವರದು ಅಜ್ಜಿಯ ಟ್ರಂಕಿನಿಂದಲೇ ಬಂದದ್ದು. ನಮ್ಮಲ್ಲಿ ಅಜ್ಜಿಯ ಇಳಕಲ್ ಸೀರೆಯನ್ನು ಮೊಮ್ಮಗಳು ಹಬ್ಬದ ದಿನ ಉಟ್ಟು ಅಡ್ಡಾಡಿದರೆ ಮನೆಗೆಲ್ಲ ಹೇಗೆ ಒಂದು ಕಳೆ ಬರುತ್ತದೋ, ಹಾಗೆ.

ಬೋಗಿಯಲ್ಲೇ ಬ್ಯಾಂಡಿನವರು ತುತ್ತೂರಿ, ಡ್ರಮ್ಮು, ದೊಡ್ಡ ಪಿಟೀಲು ಹಿಡಿದು ನಿಂತು ಆ ಕಾಲದ ಜಾಜ್ ಸಂಗೀತ ನುಡಿಸುತ್ತಾರೆ. ಜೋಡಿಗಳು ನಡುದಾರಿಯಲ್ಲೇ ಕುಣಿಯುತ್ತವೆ. ರೈಲು ತಿರುವಿನಲ್ಲಿ ವಾಲಿದರೆ ಕುಣಿತವೂ ವಾಲುತ್ತದೆ, ನೋಡುವವರೂ ವಾಲುತ್ತಾರೆ! ಈ ಸಂಗೀತಕ್ಕೂ ಈ ರೈಲಿಗೂ ಹಳೆಯ ನಂಟಿದೆ. 1932ರಲ್ಲಿ ತೆರೆದ ನಗರಸಭೆಯ ದಾರಿಯಲ್ಲಿ ಕರಿಯರ ಬಡಾವಣೆಯಾದ ಹಾರ್ಲೆಮ್‌ಗೆ ಹೋಗುವ ರೈಲಿಗೆ 'ಎ' ಎಂದು ಹೆಸರು. ಆ ರೈಲಿನ ಹೆಸರಿನಲ್ಲೇ ಬಿಲ್ಲಿ ಸ್ಟ್ರೇಹಾರ್ನ್ ಒಂದು ಜಾಜ್ ರಚನೆ ಮಾಡಿದರು. 1941ರಲ್ಲಿ ಡ್ಯೂಕ್ ಎಲಿಂಗ್ಟನ್‌ರ ತಂಡ ಅದನ್ನು ನುಡಿಸಿ ಲೋಕಪ್ರಸಿದ್ಧ ಮಾಡಿತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹಬ್ಬದ ದಿನಗಳಲ್ಲಿ ಮುದುಕರನ್ನು ಮೂಲೆಯಲ್ಲಿ ಕೂರಿಸಿ, ಕಾಫಿ ಕೊಟ್ಟು ಮರೆತುಬಿಡುವುದು ಎಲ್ಲ ದೇಶದಲ್ಲೂ ಉಂಟು. ಈ ರೈಲಿನಲ್ಲಿ ಮಾತ್ರ ಅವರೇ ದೊಡ್ಡ ಅತಿಥಿಗಳು. "ಸ್ಕೂಲಿಗೆ ಇದರಲ್ಲೇ ಹೋಗ್ತಿದ್ದೆ" ಎನ್ನುವ ಅಜ್ಜನ ಸುತ್ತ ಮೊಮ್ಮಕ್ಕಳು ಬಾಯಿಬಿಟ್ಟು ಕೂತಿರುತ್ತವೆ. ಫೋಟೋದಲ್ಲಿ ತೋರಿಸಿದರೆ ಎರಡು ನಿಮಿಷಕ್ಕೆ ಬೇಸರಗೊಳ್ಳುವ ಮಕ್ಕಳು, ಅದೇ ಬೆತ್ತದ ಸೀಟಿನ ಮೇಲೆ ತಾವೂ ಕೂತು ಅಲುಗಾಡುವಾಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತವೆ.

ಐದು ಸೆಂಟಿನ ಕಥೆ

ತಿಂಗಳ ಖರ್ಚಿನ ಲೆಕ್ಕ ಬರೆಯುವ ನಿಮಗೆ ಈ ಸಂಗತಿ ರುಚಿಸಬಹುದು. 1904ರಲ್ಲಿ ಸಬ್‌ವೇ ಶುರುವಾದಾಗ ಎಷ್ಟು ದೂರ ಹೋದರೂ ಐದೇ ಸೆಂಟು. 1948ರವರೆಗೆ, ಅಂದರೆ 44 ವರ್ಷ, ಆ ದರ ಒಂದು ಸೆಂಟೂ ಏರಲಿಲ್ಲ! ಎರಡು ಮಹಾಯುದ್ಧಗಳು ಬಂದು ಹೋದವು. ಹಾಲು, ಬ್ರೆಡ್ಡು, ಬಟ್ಟೆ ಎಲ್ಲದರ ಬೆಲೆ ಏರಿತು. ರೈಲಿನ ದರ ಮಾತ್ರ ಅಲ್ಲೇ ನಿಂತಿತು. ಏರಿಸಿದರೆ ಓಟು ಹೋಗುತ್ತದೆ ಎಂದು ರಾಜಕಾರಣಿಗಳಿಗೆ ಅಂಜಿಕೆ.

ಬಡವರಿಗೆ ಇದರಿಂದ ಅನುಕೂಲವಾದದ್ದು ನಿಜ. ನಗರದ ನಡುವಿನ ಇಕ್ಕಟ್ಟು ಕೋಣೆಗಳಲ್ಲಿ ಉಸಿರುಗಟ್ಟಿ ಬದುಕುತ್ತಿದ್ದ ಸಂಸಾರಗಳು ದೂರದ ಬಡಾವಣೆಗಳಿಗೆ ಹೋಗಿ, ಗಾಳಿ ಬೆಳಕಿರುವ ಮನೆ ಹಿಡಿದದ್ದು ಈ ಐದು ಸೆಂಟಿನ ಬಲದಿಂದ. ಆದರೆ ಅಗ್ಗಕ್ಕೂ ಒಂದು ಬೆಲೆ ತೆರಬೇಕಲ್ಲ! ಕಂಪನಿಗಳಿಗೆ ರಿಪೇರಿಗೂ ಹಣ ಸಾಲದಾಯಿತು. ಕೊನೆಗೆ 1940ರ ಜೂನಿನಲ್ಲಿ ಖಾಸಗಿ ದಾರಿಗಳೆಲ್ಲವನ್ನೂ ನಗರಸಭೆಯೇ ಕೊಂಡು ಒಂದು ಮಾಡಬೇಕಾಯಿತು.

1948ರಲ್ಲಿ ದರ ಹತ್ತು ಸೆಂಟಾಯಿತು. 1953ರಲ್ಲಿ ಹದಿನೈದಾಯಿತು. ಆಗ ಒಂದು ತೊಡಕು ಬಂತು. ಒಳಗೆ ಬಿಡುವ ತಿರುಗು ಗೇಟಿನ ಯಂತ್ರಕ್ಕೆ ಎರಡು ಬಗೆಯ ನಾಣ್ಯ ನುಂಗಲು ಬಾರದು. ಹದಿನೈದು ಸೆಂಟಿನ ಒಂದೇ ನಾಣ್ಯವೂ ಇಲ್ಲ. ಅದಕ್ಕೆಂದೇ ಚಿಕ್ಕ ಲೋಹದ ಟೋಕನ್ ಅಚ್ಚು ಹಾಕಿಸಿದರು. ಐವತ್ತು ವರ್ಷ ನ್ಯೂಯಾರ್ಕಿನವರ ಜೇಬಿನಲ್ಲಿ ಝಣಝಣಿಸಿದ ಆ ಟೋಕನ್ 2003ರಲ್ಲಿ ನಿಂತುಹೋಯಿತು. 2026ರ ಜನವರಿಯಿಂದ ಸಬ್‌ವೇ ದರ ಮೂರು ಡಾಲರು. ಈಗ ಬ್ಯಾಂಕಿನ ಕಾರ್ಡನ್ನೋ ಫೋನನ್ನೋ ಗೇಟಿಗೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ.

ಈ ರೈಲೂ ಹೆಂಗಸರೂ

ಹಳೆಯದೆಲ್ಲ ಹೊನ್ನು ಎನ್ನುವ ಭ್ರಮೆ ನಮಗೆ ಬೇಡ. ಆ ಫ್ಯಾನುಗಳು ಚಳಿಗಾಲದಲ್ಲಿ ನೋಡಲು ಚೆಂದ. ಜುಲೈ ತಿಂಗಳ ಧಗೆಯಲ್ಲಿ, ಒಬ್ಬರ ಮೇಲೊಬ್ಬರು ಬೀಳುವ ಜನಸಂದಣಿಯಲ್ಲಿ ಅವು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ನ್ಯೂಯಾರ್ಕ್ ಸಬ್‌ವೇಗೆ ಹವಾನಿಯಂತ್ರಿತ ರೈಲು ಬಂದದ್ದು 1967ರಲ್ಲಿ. ಬೆತ್ತದ ಸೀಟೂ ಅಷ್ಟೆ. ಹೆಣಿಗೆ ಸವೆದು ಸೀಳು ಎದ್ದರೆ, ಆಫೀಸಿಗೆ ಹೊರಟ ಹುಡುಗಿಯರ ಕಾಲುಚೀಲ ಹರಿಯಿತೆಂದೇ ಲೆಕ್ಕ.

ಜನಸಂದಣಿಯಲ್ಲಿ ಹೆಂಗಸರಿಗೆ ಏನೇನು ಕಾಟ ಎನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1909ರಲ್ಲೇ ಇದರ ಬಗ್ಗೆ ನ್ಯೂಯಾರ್ಕಿನಲ್ಲಿ ದೊಡ್ಡ ಚರ್ಚೆಯಾಗಿತ್ತು. ಆ ವರ್ಷ ನ್ಯೂಯಾರ್ಕಿಗೂ ನ್ಯೂಜೆರ್ಸಿಗೂ ನಡುವೆ ಹಡ್ಸನ್ ನದಿಯ ಅಡಿಯಲ್ಲಿ ಓಡುವ ರೈಲಿನವರು, ಜನ ಹೆಚ್ಚಿರುವ ಹೊತ್ತಿನಲ್ಲಿ ಕೊನೆಯ ಬೋಗಿಯನ್ನು ಹೆಂಗಸರಿಗೇ ಮೀಸಲಿಟ್ಟರು. ಪತ್ರಿಕೆಯವರು ಅದನ್ನು ಹಾಸ್ಯ ಮಾಡಿದರು. ಬೇಕು ಎಂದ ಹೆಂಗಸರೂ ಇದ್ದರು, ನಮ್ಮನ್ನೇಕೆ ಬೇರೆ ಕೂರಿಸುತ್ತೀರಿ ಎಂದವರೂ ಇದ್ದರು. ಮೂರೇ ತಿಂಗಳಲ್ಲಿ ಆ ಏರ್ಪಾಡು ನಿಂತಿತು. ಆ ರೈಲು ದಾರಿಯನ್ನೇ ಈಗ ಪಾತ್ ಎಂದು ಕರೆಯುತ್ತಾರೆ. ಜೆರ್ಸಿ ಸಿಟಿಯಲ್ಲಿ ಮನೆ ಮಾಡಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೋಗುವುದು ಅದರಲ್ಲೇ.

ಮೊದಲನೆಯ ಮಹಾಯುದ್ಧಕ್ಕೆ ಗಂಡಸರು ಹೊರಟಾಗ, 1917ರ ಕೊನೆಯಲ್ಲಿ ಹೆಂಗಸರನ್ನು ರೈಲಿನ ಕಂಡಕ್ಟರುಗಳಾಗಿ ತೆಗೆದುಕೊಂಡರು. ಕೈತುಂಬ ಸಂಬಳ, ಮೈಮೇಲೆ ಯೂನಿಫಾರಮ್ಮು. ಯುದ್ಧ ಮುಗಿಯಿತು. 1919ರಲ್ಲಿ ಕಾನೂನೊಂದು ಬಂತು: ಹೆಂಗಸರು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಈ ಕೆಲಸ ಮಾಡಕೂಡದು. ಅವರ ಒಳ್ಳೆಯದಕ್ಕೇ ಎಂದು ಹೇಳಿದರು. ಪರಿಣಾಮ? ಬಹಳ ಮಂದಿ ಕೆಲಸವನ್ನೇ ಕಳೆದುಕೊಂಡರು. "ನಿನ್ನ ಒಳ್ಳೇದಕ್ಕೇ ಹೇಳೋದು" ಎನ್ನುವ ಮಾತಿನ ಹಿಂದೆ ಏನೇನಿರುತ್ತದೆ ಎನ್ನುವುದು ನಮಗೂ ಗೊತ್ತಿದ್ದದ್ದೇ ಅಲ್ಲವೇ!

ಆಮೇಲೆ ಬಂದದ್ದು 'ಮಿಸ್ ಸಬ್‌ವೇಸ್'. 1941ರಿಂದ 1976ರವರೆಗೆ ನಗರದ ಒಬ್ಬೊಬ್ಬ ಹುಡುಗಿಯನ್ನು ಆರಿಸಿ, ಅವಳ ಚಿತ್ರವನ್ನು ಎರಡು ಸಾಲು ಪರಿಚಯದೊಂದಿಗೆ ರೈಲು ಬೋಗಿಗಳಲ್ಲಿ ಹಾಕುತ್ತಿದ್ದರು. ಸಿನಿಮಾ ತಾರೆಯರಲ್ಲ, ಟೈಪಿಸ್ಟು, ನರ್ಸು, ಓದುವ ಹುಡುಗಿ, ಎಲ್ಲರೂ ಅದೇ ರೈಲಿನಲ್ಲಿ ಓಡಾಡುವವರು. ಜಾಹೀರಾತಿನತ್ತ ಕಣ್ಣು ಸೆಳೆಯುವ ಉಪಾಯ ಎಂಬುದು ಸರಿಯೇ. ಆದರೂ 1948ರಲ್ಲಿ ಥೆಲ್ಮಾ ಪೋರ್ಟರ್ ಎಂಬ ಕರಿಯ ಹುಡುಗಿಯ ಮುಖ ಆ ಜಾಗದಲ್ಲಿ ಕಂಡದ್ದು ಸಣ್ಣ ಮಾತಾಗಿರಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕೂರಬೇಕಿದ್ದ ಕಾಲ ಅದು.

ಉಳಿದದ್ದು ಹೇಗೆ?

1,703 ಬೋಗಿಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. 1977ರಲ್ಲಿ ಕೊನೆಯವು ಕೆಲಸದಿಂದ ನಿವೃತ್ತವಾದವು. ಬಹುಪಾಲು ಗುಜರಿಗೆ ಹೋದವು. ಆಮೇಲಿನ ತಲೆಮಾರಿನ ಬೋಗಿಗಳ ಗತಿ ಇನ್ನೂ ವಿಚಿತ್ರ. 2001ರಿಂದ 2010ರವರೆಗೆ ಸುಮಾರು 2,500 ಸಬ್‌ವೇ ಬೋಗಿಗಳನ್ನು ದೋಣಿಯ ಮೇಲೆ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಉರುಳಿಸಿದರು. ಮೀನುಗಳು ಮನೆ ಮಾಡಿಕೊಳ್ಳಲಿ ಎಂದು!

ಹಾಗಾದರೆ ನಾವು ಕೂತಿರುವ ಬೋಗಿಗಳು ಪಾರಾದದ್ದು ಹೇಗೆ? ಬ್ರೂಕ್ಲಿನ್ನಿನಲ್ಲಿ ಕೋರ್ಟ್ ಸ್ಟ್ರೀಟ್ ಎಂಬ ಸ್ಟೇಷನ್ನಿತ್ತು. 1936ರಲ್ಲಿ ತೆರೆದದ್ದು, ಜನ ಬಾರದೆ ಹತ್ತೇ ವರ್ಷದಲ್ಲಿ, 1946ರಲ್ಲಿ, ಮುಚ್ಚಿಹೋಯಿತು. ಮೂವತ್ತು ವರ್ಷ ಅದು ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ಆಗಾಗ ಸಿನಿಮಾದವರು ಶೂಟಿಂಗಿಗೆ ಬರುತ್ತಿದ್ದರು. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದಾಗ, 1976ರ ಜುಲೈ 4ರಂದು, ಹಳೆಯ ಬೋಗಿಗಳನ್ನು ಅಲ್ಲಿ ನಿಲ್ಲಿಸಿ ಒಂದು ಪ್ರದರ್ಶನ ಏರ್ಪಡಿಸಿದರು. ಪ್ರವೇಶಕ್ಕೆ ಒಂದು ಸಬ್‌ವೇ ಟೋಕನ್. ಸ್ವಲ್ಪ ದಿನ ಇಟ್ಟು ತೆಗೆದುಬಿಡುವ ಯೋಚನೆ. ಜನ ಮುಗಿಬಿದ್ದು ಬಂದರು, ತೆಗೆಯಲು ಮನಸ್ಸೇ ಬರಲಿಲ್ಲ. ಅದೇ ಇಂದಿನ ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ. ರಜೆಯ ರೈಲು ಓಡಿಸುವುದು ಈ ಮ್ಯೂಸಿಯಮ್ಮಿನವರು ಮತ್ತು ರೈಲು ಇಲಾಖೆಯವರು ಸೇರಿ.

ಈ ಮ್ಯೂಸಿಯಮ್ಮಿನ ದೊಡ್ಡ ಭಾಗ್ಯ ಎಂದರೆ ಅದರ ಹಳಿಗಳಲ್ಲಿ ಇಂದಿಗೂ ಕರೆಂಟು ಇದೆ. ಆ ಹಳಿಗಳು ಊರಿನ ರೈಲು ದಾರಿಗೆ ಕೂಡಿಕೊಂಡೂ ಇವೆ. ಹಾಗಾಗಿ ಬೋಗಿಗಳು ಗಾಜಿನ ಪೆಟ್ಟಿಗೆಯ ಗೊಂಬೆಗಳಾಗಲಿಲ್ಲ. ಓಡಬೇಕು ಎಂದಮೇಲೆ ಬ್ರೇಕು ಸರಿಯಿರಬೇಕು, ಮೋಟಾರು ಸರಿಯಿರಬೇಕು, ಬೆತ್ತ ಹರಿದರೆ ಮತ್ತೆ ಹೊದಿಸಬೇಕು. ಈ ಬೋಗಿಗಳ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ಸಿಗವು. ಇರುವುದನ್ನು ರಿಪೇರಿ ಮಾಡಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಹೊಸದಾಗಿ ಮಾಡಿಸಬೇಕು. ಹಾಗೆ ಮಾಡುತ್ತ ಹಿರಿಯ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ವಿದ್ಯೆ ಕಿರಿಯರಿಗೆ ದಾಟುತ್ತದೆ. ಸುಮ್ಮನೆ ನಿಲ್ಲಿಸಿದ್ದರೆ ಬೋಗಿಯಷ್ಟೇ ಉಳಿಯುತ್ತಿತ್ತು, ವಿದ್ಯೆ ಹೋಗುತ್ತಿತ್ತು. ಅಪ್ಪೆಹುಳಿಯ ಗೊಜ್ಜನ್ನು ಬರೆದಿಟ್ಟುಕೊಂಡರೆ ಸಾಲದು, ವರ್ಷಕ್ಕೊಮ್ಮೆಯಾದರೂ ಮಾಡುತ್ತಿರಬೇಕು; ಇಲ್ಲದಿದ್ದರೆ ಹದ ಕೈಬಿಟ್ಟು ಹೋಗುತ್ತದೆ ಎಂದು ನೀವೇ ಮಗಳಿಗೆ ಹೇಳಿರುತ್ತೀರಲ್ಲ!

ಒಂದೊಂದು ಬೋಗಿಗೂ ಒಂದೊಂದು ಚರಿತ್ರೆ. 100 ಎಂಬ ಸಂಖ್ಯೆಯದು ಈ ಕುಲದ ಹಿರಿಯಕ್ಕ. 1575 ಸಂಖ್ಯೆಯದು 1946ರಲ್ಲಿ ಅಪಘಾತಕ್ಕೆ ಸಿಕ್ಕಿ ಜಖಂಗೊಂಡಿತ್ತು. ಎಸೆಯುವ ಬದಲು 1947ರಲ್ಲಿ ಅದನ್ನೇ ಹೊಸ ರೀತಿಯಲ್ಲಿ ಕಟ್ಟಿ, ಮುಂದಿನ ತಲೆಮಾರಿನ ಬೋಗಿಗಳಿಗೆ ಮಾದರಿ ಮಾಡಿಕೊಂಡರು. ಹರಿದ ಸೀರೆಯ ಅಂಚು ಬಿಡಿಸಿ ಲಂಗ ಹೊಲಿದ ಹಾಗೆ.

ನಮ್ಮ ಮೈಸೂರಿನಲ್ಲೂ ರೈಲ್ವೆ ಸ್ಟೇಷನ್ನಿನ ಹತ್ತಿರ 1979ರಲ್ಲಿ ಶುರುವಾದ ರೈಲು ಮ್ಯೂಸಿಯಂ ಇದೆ. ಅಲ್ಲಿ ಮಹಾರಾಣಿಯವರ 1899ರ ಸಲೂನು ಬೋಗಿಯನ್ನು ನೀವು ಕಂಡಿರಬಹುದು. ಎಷ್ಟು ಸೊಗಸು! ಆದರೆ ಅದು ನಿಂತಲ್ಲೇ ನಿಂತಿದೆ. ಊಟಿಯ ಪುಟ್ಟ ರೈಲಿನಲ್ಲಿ ಬೆಟ್ಟ ಹತ್ತಿದವರಿಗೆ, ನಿಂತ ರೈಲಿಗೂ ಓಡುವ ರೈಲಿಗೂ ಏನು ವ್ಯತ್ಯಾಸ ಎಂದು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಓಡಿತು, 2016ರಲ್ಲಿ ನೆಲದಡಿಗೂ ಇಳಿಯಿತು. ಇಂದು ಹೊಸದಾಗಿ ಹೊಳೆಯುವ ಆ ಬೋಗಿಗಳೂ ಒಂದು ದಿನ ಹಳತಾಗುತ್ತವೆ. ಅಂದು ಮೊದಲ ರೈಲೊಂದನ್ನಾದರೂ ಉಳಿಸಿಕೊಂಡು, ದಸರಾ ರಜೆಯಲ್ಲಿ ಮಕ್ಕಳನ್ನು ಕೂರಿಸಿ ಓಡಿಸುತ್ತಾರೆಯೇ? ಈಗಿನಿಂದಲೇ ಯಾರಾದರೂ ಯೋಚಿಸಿದರೆ ಆಗಬಹುದು.

ಹೋಗುವವರಿಗೆ ನಾಲ್ಕು ಮಾತು

ರಜೆಯ ರೈಲು ಓಡುವುದು ಡಿಸೆಂಬರಿನ ಶನಿವಾರ ಇಲ್ಲವೇ ಭಾನುವಾರ. ದಿನ, ಹೊತ್ತು, ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಟ್ರಾನ್ಸಿಟ್ ಮ್ಯೂಸಿಯಮ್ಮಿನವರು ಮುಂಚೆಯೇ ಪ್ರಕಟಿಸುತ್ತಾರೆ. ಮಗಳಿಗೋ ಅಳಿಯನಿಗೋ ನೋಡಿಡಲು ಹೇಳಿ. ಮ್ಯಾನ್‌ಹಟನ್ನಿನ ಸೆಕೆಂಡ್ ಅವೆನ್ಯೂ ಸ್ಟೇಷನ್ನಿನಿಂದ ಹೊರಟು, ಸಿಕ್ಸ್ತ್ ಅವೆನ್ಯೂ ಅಡಿಯಲ್ಲಿ ಹಾದು ಉತ್ತರಕ್ಕೆ ಹೋಗುವುದು ಹಲವು ವರ್ಷಗಳ ರೂಢಿ. ಆ ಸಿಕ್ಸ್ತ್ ಅವೆನ್ಯೂ ದಾರಿ ತೆರೆದದ್ದೂ ಡಿಸೆಂಬರಿನಲ್ಲೇ, 1940ರ 15ನೇ ತಾರೀಖು.

ಬಟ್ಟೆಯ ವಿಚಾರ. ಬೀದಿಯಲ್ಲಿ ಮೈ ನಡುಗುವ ಚಳಿ, ಜನ ತುಂಬಿದ ಬೋಗಿಯಲ್ಲಿ ಸೆಕೆ. ಒಂದೇ ದಪ್ಪ ಕೋಟಿಗಿಂತ, ತೆಗೆದು ಹಾಕಲು ಬರುವಂತೆ ಸ್ವೆಟರು, ಶಾಲು ಒಂದರ ಮೇಲೊಂದು ಇರಲಿ. ಸೀರೆ ಉಡುವವರು ಧಾರಾಳವಾಗಿ ಉಡಿ. ಹಳೆಯ ಉಡುಪಿನವರ ನಡುವೆ ನಿಮ್ಮ ಸೀರೆಗೇ ಹೆಚ್ಚು ಮೆಚ್ಚುಗೆ. ಆದರೆ ಸೆರಗನ್ನು ಬೆತ್ತಕ್ಕೆ ಸಿಕ್ಕಿಕೊಳ್ಳದಂತೆ ಒತ್ತಿ ಹಿಡಿದುಕೊಳ್ಳಿ. ರೇಷ್ಮೆ ಬೇಡ. ಕಾಲಿಗೆ ದಪ್ಪ ಕಾಲುಚೀಲ, ಜಾರದ ಬೂಟು ಇರಲಿ.

ಮೊಣಕಾಲು ನೋವಿರುವವರು ಗಮನಿಸಿ. ಬಹಳ ಸ್ಟೇಷನ್ನುಗಳಲ್ಲಿ ಲಿಫ್ಟಿಲ್ಲ, ಮೆಟ್ಟಿಲೇ ಗತಿ. ಹೆರಾಲ್ಡ್ ಸ್ಕ್ವೇರಿನ 34ನೇ ಬೀದಿಯ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ. ಆ ವರ್ಷ ರೈಲು ಅಲ್ಲಿ ನಿಲ್ಲುವುದಾದರೆ ಅಲ್ಲೇ ಹತ್ತಿ. ನ್ಯೂಜೆರ್ಸಿಯಿಂದ ಪಾತ್ ರೈಲಿನಲ್ಲಿ ಬರುವವರಿಗೂ ಅದು ಹತ್ತಿರ. ನಲವತ್ನಾಲ್ಕು ಅಂಗುಲಕ್ಕಿಂತ ಎತ್ತರವಿಲ್ಲದ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಟಿಕೇಟಿಲ್ಲ. ಡಬ್ಬಿಯಲ್ಲಿ ನಾಲ್ಕು ಚಪಾತಿ ಸುತ್ತಿಕೊಂಡು ಹೋದರೆ ತಿನ್ನಲು ಅಡ್ಡಿಯೇನಿಲ್ಲ.

ಇಳಿದ ಮೇಲೆ ಹೆರಾಲ್ಡ್ ಸ್ಕ್ವೇರಿನ ದೊಡ್ಡ ಅಂಗಡಿಯ ಕಿಟಕಿಗಳಲ್ಲಿ ಹಬ್ಬಕ್ಕೆಂದು ಮಾಡಿದ ಗೊಂಬೆಗಳ ಅಲಂಕಾರ ನೋಡಿ. ನಮ್ಮ ದಸರಾ ಗೊಂಬೆ ನೆನಪಾಗುತ್ತದೆ. ರಾಕ್‌ಫೆಲ್ಲರ್ ಸೆಂಟರಿನ ದೀಪದ ಮರವೂ ದೂರವಿಲ್ಲ. ಅಲ್ಲಿ ಮೊದಲ ಮರ ನಿಲ್ಲಿಸಿದ್ದು 1931ರಲ್ಲಿ, ಅದೇ ಮುಗ್ಗಟ್ಟಿನ ಕಾಲದಲ್ಲಿ, ಕಟ್ಟಡ ಕಟ್ಟುತ್ತಿದ್ದ ಕೂಲಿಗಳು. ಹಸಿವಾದರೆ ಲೆಕ್ಸಿಂಗ್ಟನ್ ಅವೆನ್ಯೂವಿನ 28ನೇ ಬೀದಿಯ ಆಸುಪಾಸಿನಲ್ಲಿ ಇಡ್ಲಿ, ದೋಸೆಯ ಹೋಟೆಲುಗಳಿವೆ. ಬಿಸಿ ಸಾಂಬಾರು ಗಂಟಲಿಗೆ ಇಳಿದರೆ ಚಳಿಯೆಲ್ಲ ಮರೆಯುತ್ತದೆ.

ಕೊನೆಯದಾಗಿ ಒಂದು ಗುಟ್ಟು. ಮೊಮ್ಮಗು ಜೊತೆಯಲ್ಲಿದ್ದರೆ ಮೊದಲನೆಯ ಬೋಗಿಗೇ ಹತ್ತಿ, ಮುಂಭಾಗದ ತುದಿಗೆ ಹೋಗಿ. ಅಲ್ಲಿನ ಬಾಗಿಲಿಗೆ ಒಂದು ಕಿಟಕಿ ಇದೆ. ಅದರಲ್ಲಿ ಇಣುಕಿದರೆ ಕತ್ತಲ ಸುರಂಗ, ಕೆಂಪು ಹಸಿರು ದೀಪಗಳು, ಮಿನುಗುವ ಹಳಿಗಳು ನಿಮ್ಮತ್ತಲೇ ಓಡಿಬರುತ್ತವೆ. ಮಕ್ಕಳು ಸಾಲುಗಟ್ಟಿ ನಿಂತಿರುತ್ತವೆ, ಸರದಿ ಕಾಯಬೇಕು. ಮಗುವನ್ನು ಎತ್ತಿ ತೋರಿಸಿ. ಆಮೇಲೆ ನೀವೂ ಒಮ್ಮೆ ನೋಡಿ, ಸಂಕೋಚ ಬೇಡ.